ಮನೆಗೆ ಬಾರದ ಗುಡಾಣ

ನಮ್ಮ ಊರಿನ ಸಂಗತಿ ಹೇಳಿದರೆ ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಂಬಬೇಡಿ. ನಂಬಿದವರಿಂದ ನನಗಾದ ಉಪದ್ರವವೇ ಈ ಜನ್ಮಕ್ಕೆ ಸಾಕು. ನನ್ನ ಹೆಸರು ಚೆಲುವಯ್ಯ. ಸುತ್ತಿನ ಏಳು ಹೋಬಳಿಯಲ್ಲಿ ನನ್ನಷ್ಟು ನಿಜ ಹೇಳುವ ಗಂಡಸು ಹುಟ್ಟಿಲ್ಲ. ನಾನು ಹೇಳುವ ನಿಜ ಬೇರೆಯವರ ನಿಜಕ್ಕಿಂತ ಸ್ವಲ್ಪ ದಷ್ಟಪುಷ್ಟವಾಗಿರುತ್ತದೆ, ಅಷ್ಟೆ.

ಊರಿನ ಪಡುವಣಕ್ಕೆ ಒಂದು ಬಯಲಿದೆ. ಈ ತುದಿಯಲ್ಲಿ ಕೂಗಿದರೆ ಆ ತುದಿಯವನಿಗೆ ಮಾರನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಕೇಳಿಸುತ್ತದೆ, ಅಂಥ ಬಯಲು. ಅಲ್ಲಿ ನಲವತ್ತೊಂದು ಗುಡಾಣಗಳಿವೆ. ಗುಡಾಣ ಎಂದರೆ ನಿಮ್ಮಜ್ಜಿ ರಾಗಿ ತುಂಬಿಡುತ್ತಿದ್ದ ಮಣ್ಣಿನದಲ್ಲ. ಕಾಂಕ್ರೀಟಿನದು. ಮೂರು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ನೆತ್ತಿ ಸಿಕ್ಕದಷ್ಟು ಎತ್ತರ, ಎರಡು ಮೊಳ ದಪ್ಪದ ಗೋಡೆ. ಅಣುವಿದ್ಯುತ್ ಸ್ಥಾವರದಲ್ಲಿ ಉರಿದು ಮುಗಿದ ಕಡ್ಡಿಗಳಿರುತ್ತವಲ್ಲ, ಕೆಲಸ ಮುಗಿದರೂ ಕಾವು ಆರದಂಥವು, ಅವನ್ನು ಉಕ್ಕಿನ ಡಬ್ಬಿಗೆ ಹಾಕಿ, ಬಾಯಿಗೆ ಬೆಸುಗೆ ಹಾಕಿ, ಆ ಡಬ್ಬಿಯನ್ನು ಗುಡಾಣದೊಳಗೆ ಇಳಿಸಿ ಮುಚ್ಚಿರುತ್ತಾರೆ. ಒಳಗೆ ನೀರಿಲ್ಲ, ಫ್ಯಾನಿಲ್ಲ. ಬುಡದಲ್ಲಿ ನಾಲ್ಕು ಕಂಡಿ, ನೆತ್ತಿಯಲ್ಲಿ ನಾಲ್ಕು ಕಂಡಿ. ತಣ್ಣನೆಯ ಗಾಳಿ ಕೆಳಗಿನಿಂದ ಒಳಗೆ ಹೋಗುತ್ತದೆ, ಕಾದ ಗಾಳಿ ಮೇಲಿನಿಂದ ಹೊರಗೆ ಬರುತ್ತದೆ. ಅದರ ಉಸಿರಾಟವೆಲ್ಲ ಅಷ್ಟೆ. ಒಂದೊಂದು ಗುಡಾಣವನ್ನು ಒಂದೊಂದು ಮನೆಗೆ ವಹಿಸಿದ್ದಾರೆ. ಗುಡಾಣ ಕಾಯುವವನಿಗೆ ಮನೆಯುಂಟು. ಗುಡಾಣವಿಲ್ಲದವನಿಗೆ ನಮ್ಮೂರಿನಲ್ಲಿ ನಿಲ್ಲಲು ನೆರಳೂ ಇಲ್ಲ.

ಕಾಯುವುದೆಂದರೆ ಏನು? ಜೊತೆಗೆ ಕೂರುವುದು. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಅದನ್ನು ಒಂಟಿ ಬಿಡಬಾರದು. ಕತ್ತಲಾದ ಮೇಲೆ ಅದು ಕದಲುವುದಿಲ್ಲ, ನಾವು ಮನೆಗೆ ಹೋಗಬಹುದು. ಆದರೆ ಹಗಲಿನಲ್ಲಿ ಬಿಟ್ಟು ಹೋದಿರೋ, ಅರ್ಧ ಗಂಟೆ ನೋಡುತ್ತದೆ, ಮುಕ್ಕಾಲು ಗಂಟೆ ನೋಡುತ್ತದೆ, ಆಮೇಲೆ ಎದ್ದು ನಿಮ್ಮ ಮನೆಗೆ ಬರುತ್ತದೆ.

ಗ್ಯಾಸ್ ಸಿಲಿಂಡರನ್ನು ಅಂಚಿನ ಮೇಲೆ ವಾಲಿಸಿ ಉರುಳಿಸಿಕೊಂಡು ಬರುತ್ತಾರಲ್ಲ, ಹಾಗೆ ಬರುತ್ತದೆ. ಉರುಳಿಸುವ ಕೈ ಮಾತ್ರ ಇಲ್ಲ. ಒರಳಿನಲ್ಲಿ ಒಣ ಉದ್ದು ಹಾಕಿ ರುಬ್ಬಿದಂಥ ಸದ್ದು. ನಮ್ಮವರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಬೀದಿಯ ಮೂಲೆಗಳನ್ನು ಕೆತ್ತಿ ದುಂಡಗೆ ಮಾಡಿದ್ದೇವೆ. ಕರೆಂಟಿನ ತಂತಿ ಎತ್ತರಿಸಿದ್ದೇವೆ. ಗುಡಾಣ ಎದುರಾದರೆ ಬಸ್ಸಿನವನು ಹಾರನ್ ಹಾಕುವುದಿಲ್ಲ, ಇಳಿದು ಬೀಡಿ ಹಚ್ಚುತ್ತಾನೆ. ಗುಡಾಣ ಬಾಗಿಲಿಗೆ ಬಂದು ನಿಂತರೆ ಮನೆಯ ಹೆಂಗಸು ಆರತಿ ಎತ್ತಿ, ಬುಡಕ್ಕೆ ಒಂದು ಚೊಂಬು ನೀರು ಹಾಕಿ, “ಬಂದ್ಯಾ? ಸ್ವಲ್ಪ ನಿಲ್ಲು, ಇವರು ಕರ್ಕೊಂಡು ಹೋಗ್ತಾರೆ” ಎನ್ನುತ್ತಾಳೆ. ಗಂಡ ಚಪ್ಪಲಿ ಮೆಟ್ಟಿ, ಹಿಂದಕ್ಕೆ ತಿರುಗಿ ನೋಡದೆ, ಊರ ಸುದ್ದಿ ಹೇಳುತ್ತಾ ಬಯಲಿನತ್ತ ನಡೆಯಬೇಕು. ಅದು ಹಿಂದೆಯೇ ಬರುತ್ತದೆ. ಗುಡಾಣವನ್ನು ಮನೆಗೆ ಬರಗೊಡುವುದು ತಪ್ಪು ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಒಳಗೊಳಗೆ ಪ್ರತಿ ಮನೆಗೂ ಅದೊಂದು ಹೆಮ್ಮೆ. ಹದಿನೇಳನೆಯ ಗುಡಾಣದ ದೊಡ್ಡಬೋರಯ್ಯನದು ಅವನ ಮದುವೆಯ ಚಪ್ಪರಕ್ಕೇ ಬಂದಿತ್ತು. ಚಪ್ಪರ ಬಿತ್ತು, ಮುಹೂರ್ತ ತಪ್ಪಿತು, ಪುರೋಹಿತರು ಪಕ್ಕದೂರಿನ ತನಕ ಓಡಿದರು. ಆದರೂ ಅವನ ಹೆಂಡತಿ ಜವರಮ್ಮ ಇಂದಿಗೂ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಹೇಳುವುದು ಒಂದೇ ಮಾತು. “ನಮ್ದು ಧಾರೆಗೇ ಬಂದಿತ್ತು ಕಣವ್ವಾ. ನಿಮ್ದು?”

ನನ್ನದು ಕೊನೆಯ ಗುಡಾಣ, ನಲವತ್ತೊಂದು. ಬಯಲಿನ ತುದಿಯಲ್ಲಿ ಮಣ್ಣಿನ ದಿಬ್ಬದಂಥ ಒಂದು ಬೋರೆಯ ಮರೆಗೆ ಒಂಟಿಯಾಗಿ ನಿಂತದ್ದು. ಅದು ನನ್ನ ಮನೆಗೆ ಒಂದು ಸಲವೂ ಬರಲಿಲ್ಲ.

ಈ ಮಾತನ್ನು ಇಪ್ಪತ್ತೆರಡು ವರ್ಷ ನಾನು ಗಂಟಲಿನಿಂದ ಆಚೆಗೆ ಬಿಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು, ಬೇಕೆಂದೇ ಒಂದು ದಿನ ಅದನ್ನು ಬಿಟ್ಟು ಬಂದೆ. ಹೆಂಡತಿ ನೀಲಾಂಬೆ ಹೊಸ ಮದುವಣಗಿತ್ತಿ. ಅಂಗಳ ಸಾರಿಸಿ, ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಮಧ್ಯಾಹ್ನವಾಯಿತು. ಸಂಜೆಯಾಯಿತು. ಬಂದದ್ದು ಬೀದಿನಾಯಿ ಮಾತ್ರ. ಮಾರನೆಯ ದಿನ ಬೋರಯ್ಯ ಬಯಲಿನಲ್ಲಿ ಎಲ್ಲರೆದುರು, “ಏನಯ್ಯಾ ಚೆಲುವ, ಎಲ್ಲರದ್ದೂ ಬಂದು ಹೋಯ್ತು, ನಿಂದಕ್ಕೆ ನಿನ್ನ ಗುರ್ತೇ ಇಲ್ವೇನೋ?” ಎಂದ. ಸುತ್ತ ನಕ್ಕರು. ನನ್ನ ಬಾಯಿಯ ಸ್ವಭಾವ ನಿಮಗೆ ಗೊತ್ತಲ್ಲ. “ನಿನ್ನೆ ತಾನೇ ಬಂದಿತ್ತಪ್ಪ! ಬಾಗಿಲಲ್ಲಿ ನಿಂತು ಹೋಗೋ ಜಾತಿ ಅಲ್ಲ ನಂದು. ಹೆಂಚು ಸರಿಸಿ ಅಡುಗೆಮನೆಗೆ ತಲೆ ಹಾಕಿ, ಹುರುಳಿ ಬಸ್ಸಾರಿನ ವಾಸನೆ ತಗೊಂಡು ಹೋಯ್ತು” ಎಂದುಬಿಟ್ಟೆ.

ನೋಡಲು ಜನ ಬರುತ್ತಾರಲ್ಲ! ನಾನು ಬೇರೆ ದಾರಿಯಲ್ಲಿ ಬಿದ್ದಂಬೀಳ ಮನೆಗೆ ಓಡಿ ವಿಷಯ ಹೇಳಿದೆ. ನೀಲಾಂಬೆ ಒಂದು ಗಳಿಗೆ ನನ್ನ ಮುಖ ನೋಡಿದಳು. ಬಯ್ಯಲಿಲ್ಲ. ಹಿತ್ತಲಿಗೆ ಹೋದಳು. ಜನ ಬರುವ ಹೊತ್ತಿಗೆ ನಮ್ಮ ಅಂಗಳದಲ್ಲಿ ಗಾಡಿ ಚಕ್ರದ ಎರಡರಷ್ಟು ಅಗಲದ ದುಂಡನೆಯ ಗುರುತು ಬಿದ್ದಿತ್ತು. ಅಂಚು ಆಳವಾಗಿತ್ತು. ಸಾರಿನ ಪಾತ್ರೆಯ ಮುಚ್ಚಳ ಕೂಡ ಓರೆಯಾಗಿತ್ತು. ಅಂಥ ಹೆಂಡತಿ ಬ್ರಹ್ಮಾಂಡದಲ್ಲಿ ಇನ್ನೊಬ್ಬಳಿಲ್ಲ. ಅಂದಿನಿಂದ ವರ್ಷಕ್ಕೆ ಐದಾರು ಸಲ ನಮ್ಮ ಗುಡಾಣ ಮನೆಗೆ ಬರುತ್ತಿತ್ತು, ಎಂದರೆ ನಾನು ಹೇಳುತ್ತಿದ್ದೆ, ಅವಳು ಗುರುತು ಮೂಡಿಸುತ್ತಿದ್ದಳು.

ಮನೆಗೆ ಬಾರದ ಗುಡಾಣವನ್ನು ಕಾಯುವುದಾದರೂ ಯಾಕೆ? ಬೋರೆಯ ಮರೆ ಬೇರೆ. ನನ್ನ ಹಳೆಯ ಅಂಗಿ, ರುಮಾಲು ತೊಡಿಸಿ ಒಂದು ಬೆರ್ಚಪ್ಪನನ್ನು ಕಟ್ಟಿ ಗುಡಾಣಕ್ಕೆ ಒರಗಿಸಿ, ಕೈಗೊಂದು ಕೊಡೆ ಸಿಕ್ಕಿಸಿ ಹೊರಟೆನೆಂದರೆ, ಊರಿನಲ್ಲಿ ಹಗಲು ಹೊತ್ತು ಬಿಡುವಾಗಿದ್ದ ಗಂಡಸು ನಾನೊಬ್ಬನೇ. ಹಳ್ಳದಲ್ಲಿ ಈಜುತ್ತಿದ್ದೆ. ಯಾವ ಮಾವಿನ ಮರದ ನೆರಳು ಯಾವ ಹೊತ್ತಿಗೆ ಎತ್ತ ತಿರುಗುತ್ತದೆಂದು ಇಂದಿಗೂ ಬಾಯಿಪಾಠ ಹೇಳಬಲ್ಲೆ. ಉಳಿದ ನಲವತ್ತು ಜನ ದಿನಕ್ಕೆ ಮೂರು ಸಲ ಕಂಡಿಗಳಿಗೆ ಪೊರಕೆ ಆಡಿಸಿ, ಒಣಗಿದೆಲೆ, ಜೇಡರ ಬಲೆ ತೆಗೆಯುತ್ತಿದ್ದರು. ನನಗೆ ಆ ಕಂಡಿಗಳು ಮೊಳ ಅಗಲದ ಕಪಾಟುಗಳಂತೆ ಕಂಡವು. ಒಂದರಲ್ಲಿ ಚಾಪೆ ದಿಂಬು ತುರುಕಿದೆ. ಇನ್ನೊಂದರಲ್ಲಿ ಕಂಬಳಿ. ಮೂರನೆಯದರಲ್ಲಿ ಹುರಿದ ಕಡಲೆಕಾಯಿಯ ಚೀಲ. ನಾಲ್ಕನೆಯದರಲ್ಲಿ ಒಂದು ಮುಂಗುಸಿ ಸಂಸಾರ ಹೂಡಿತ್ತು. ಇರಲಿ ಪಾಪ ಎಂದು ಬಿಟ್ಟಿದ್ದೆ. ಮೇಲಿನ ಕಂಡಿಯ ಬಿಸಿ ನೋಡಿ ಪುಸ್ತಕದಲ್ಲಿ ಬರೆಯುವ ಕ್ರಮವೂ ಇತ್ತು. ಒಂದು ವಾರಕ್ಕೆ ಆಗುವಷ್ಟನ್ನು ಸೋಮವಾರವೇ ಬರೆದು ಮುಗಿಸುತ್ತಿದ್ದೆ. ಬೇರೆಯವರ ಗುಡಾಣಕ್ಕಿಂತ ನಲವತ್ತು ಡಿಗ್ರಿ ಹೆಚ್ಚಿಗೆ. ನನ್ನದಲ್ಲವೇ!

ಹೀಗಿರುವಾಗ ಒಂದು ಬೆಳಿಗ್ಗೆ ದೂರದ ಕಚೇರಿಯಿಂದ ಜೀಪು ಬಂತು. ಇಳಿದವಳು ವೈಜಯಂತಿ ಎಂಬ ಇನ್‌ಸ್ಪೆಕ್ಟರಮ್ಮ. ಮೂವತ್ತು ದಾಟಿರದ ಹೆಣ್ಣುಮಗಳು, ತಲೆಗೆ ಹಳದಿ ಟೊಪ್ಪಿ, ಕೈಯಲ್ಲೊಂದು ಮೀಟರು. ಎಲ್ಲರನ್ನೂ ಬಯಲಿಗೆ ಸೇರಿಸಿ ಕಾಗದ ಬಿಚ್ಚಿ ಓದಿದಳು. “ನಲವತ್ತೊಂದರಲ್ಲಿ ನಲವತ್ತು ತುಂಬಿವೆ. ಒಂದು ಖಾಲಿ ಇದೆ. ಯಾವುದು ಅಂತ ಕಾಗದದಲ್ಲಿಲ್ಲ, ಹುಡುಕಬೇಕು. ಖಾಲಿ ಇರೋದನ್ನ ತೆಗೀತೀವಿ. ಆ ಮನೆಯವರು ಎಂಟು ದಿನದಲ್ಲಿ ಮನೆ ಬಿಡಬೇಕು.”

ಬಯಲಿನಲ್ಲಿ ಹಾರುತ್ತಿದ್ದ ಕಾಗೆ ರೆಕ್ಕೆ ಬಡಿಯುವುದನ್ನು ಮರೆತು ಹಾಗೆಯೇ ಗಾಳಿಯಲ್ಲಿ ನಿಂತಿತು, ನನ್ನ ಕಣ್ಣಾರೆ ಕಂಡೆ. ಖಾಲಿ! ನಾವು ಯಾರೂ ಕನಸಿನಲ್ಲೂ ನೆನೆಸದ ಮಾತು. ಒಬ್ಬನ ಜೀವಮಾನವೆಲ್ಲ ಬರಿಯ ಕಾಂಕ್ರೀಟಿನ ಮುಂದೆ ಕೂತು ಕಳೆದಿತ್ತೆಂದರೆ! ಎಲ್ಲರೂ ತಮ್ಮ ತಮ್ಮ ಗುಡಾಣವನ್ನು ಓರೆಗಣ್ಣಿನಲ್ಲಿ ನೋಡತೊಡಗಿದರು.

“ಈ ಮೀಟರಿನಲ್ಲಿ ಒಂದೊಂದನ್ನೇ ನೋಡಬೇಕು. ನಾಲ್ಕು ದಿನ ಹಿಡಿಯುತ್ತೆ” ಎಂದಳು ವೈಜಯಂತಿ.

ದೊಡ್ಡಬೋರಯ್ಯ ಮುಂದೆ ಬಂದ. “ನಾಲ್ಕು ದಿನ ಯಾಕೆ ಮೇಡಂ? ನಾಳೆ ಒಂದು ಹೊತ್ತು ಸಾಕು. ಎಲ್ಲರೂ ಬಿಟ್ಟು ಮನೆಗೆ ಹೋಗಿ ಕೂತ್ಕೊಳ್ಳೋಣ. ಒಳಗೆ ಉಸಿರು ಇರೋದು ಮನೆಗೆ ಬರ್ತದೆ. ಉಸಿರು ಇಲ್ಲದ್ದು ಬಯಲಲ್ಲೇ ನಿಂತಿರ್ತದೆ. ಬರದೇ ಇದ್ದದ್ದೇ ಖಾಲಿ.”

“ಏನು ಬರುತ್ತೆ?” ಎಂದಳು ಆಕೆ.

“ಗುಡಾಣ.”

ಆಕೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಬಿಸಿಲಿಗೆ ಇವರಿಗೇನೋ ಆಗಿದೆ ಎಂದುಕೊಂಡಿರಬೇಕು. “ನಾಳೆ ಮಧ್ಯಾಹ್ನದ ತನಕ ಏನಾದ್ರೂ ಮಾಡ್ಕೊಳ್ಳಿ” ಎಂದು ಜೀಪಿನಲ್ಲಿ ಹೋಗಿ ಕೂತಳು. ಬೋರಯ್ಯ ನನ್ನ ಭುಜ ತಟ್ಟಿ, “ನಿಂಗೇನಪ್ಪಾ ಚಿಂತೆ? ನಿಂದು ಅಡುಗೆಮನೆಗೇ ಬರೋದು” ಎಂದ. ಅವನು ಕುಹಕಕ್ಕೆ ಹೇಳಲಿಲ್ಲ. ನಿಜವಾಗಿಯೂ ಹೊಟ್ಟೆಕಿಚ್ಚಿನಿಂದ ಹೇಳಿದ.

ಮಾರನೆಯ ಬೆಳಿಗ್ಗೆ ನೀಲಾಂಬೆ ಅಂಗಳ ಸಾರಿಸುತ್ತಾ ಮೆಲ್ಲಗೆ, “ಹೋಗಿ ಹೇಳ್ಬಿಡ್ರೀ” ಎಂದಳು.

“ಏನಂತ?”

“ಬಂದಿರಲಿಲ್ಲ ಅಂತ. ಇವತ್ತಾದ್ರೂ ನಾವಾಗೇ ಹೇಳಿದ್ರೆ ಮಾನ ಅರ್ಧ ಉಳೀತದೆ.”

“ಇವತ್ತು ಬಂದೇ ಬರ್ತದೆ ನೋಡೇ. ನಾನು ಕರ್ದಿಲ್ಲ, ಅದಕ್ಕೇ ಬಂದಿಲ್ಲ. ಕರೆದ್ರೆ ಓಡಿ ಬರ್ತದೆ.”

“ನಾನು ದಿನಾ ಕರ್ದಿದ್ದೀನಿ” ಎಂದಳು ಅವಳು. ಸಗಣಿ ಕೈಯನ್ನು ತೊಳೆದುಕೊಳ್ಳುವುದನ್ನೂ ಮರೆತು ಬಯಲಿನ ಕಡೆ ನೋಡುತ್ತಾ ನಿಂತಳು. ಅವಳು ಕರೆಯುತ್ತಿದ್ದಳೆಂದು ನನಗೆ ಆ ತನಕ ಗೊತ್ತಿರಲಿಲ್ಲ. ಗುರುತು ಮೂಡಿಸುತ್ತಿದ್ದದ್ದು ಜನರ ಬಾಯಿಗೆ ಹೆದರಿ ಎಂದೇ ತಿಳಿದಿದ್ದೆ.

ಹತ್ತು ಗಂಟೆಗೆ ನಲವತ್ತೊಂದು ಜನರೂ ಬಯಲು ಬಿಟ್ಟು ಮನೆ ಸೇರಿದೆವು. ಎಲ್ಲ ಹೊಸ್ತಿಲಲ್ಲೂ ಆರತಿ ತಟ್ಟೆ. ವೈಜಯಂತಿ ಬೀದಿ ಕೂಡುವ ಕಡೆ ಜೀಪಿಗೆ ಒರಗಿ ಟೀ ಕುಡಿಯುತ್ತಿದ್ದಳು. ಅರ್ಧ ಗಂಟೆ ಏನೂ ಇಲ್ಲ. ಮುಕ್ಕಾಲು ಗಂಟೆಗೆ ಮನೆ ಮನೆಯ ಪಾತ್ರೆಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಆಮೇಲೆ ನೆಲ ಗುಡುಗಿತು.

ಒಂದೋ ಎರಡೋ ಬರುವುದನ್ನು ನಾವೆಲ್ಲ ನೋಡಿದ್ದೆವು. ಎಲ್ಲವೂ ಒಟ್ಟಿಗೆ ಬರುವುದನ್ನು ಯಾರೂ ನೋಡಿರಲಿಲ್ಲ. ಬಯಲಿನ ಕಡೆಯಿಂದ ಧೂಳು ಎದ್ದು ಸೂರ್ಯನಿಗೆ ಕೆಮ್ಮು ಹತ್ತಿತು. ಧೂಳಿನೊಳಗಿಂದ ಬೂದುಬಣ್ಣದ ಬೆಟ್ಟಗಳು ಓಲಾಡುತ್ತ, ತಿರುಗುತ್ತ, ಒಂದಕ್ಕೊಂದು ದಾರಿ ಬಿಡುತ್ತ ಬಂದವು. ಮೂಲೆಯಲ್ಲಿ ಎರಡು ಎದುರುಬದುರಾದರೆ ಒಂದು ನಿಂತು ಇನ್ನೊಂದನ್ನು ಮುಂದೆ ಕಳಿಸುತ್ತಿತ್ತು. ವೈಜಯಂತಿಯ ಕೈಯಿಂದ ಟೀ ಲೋಟ ಜಾರಿತು. ಆಕೆ ಕೂಗಲಿಲ್ಲ, ಓಡಲಿಲ್ಲ. ಬೀದಿಯ ಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಮೂರನೆಯ ಗುಡಾಣ ಆಕೆಯ ಮುಂದೆ ಬಂದು ತಡೆದು, ಸುತ್ತು ಹಾಕಿಕೊಂಡು ಹೋಯಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮಾಡಬೇಕಾದ ಅಗತ್ಯವೇ ಇಲ್ಲದಂಥ ದೃಶ್ಯ ನನ್ನ ಬದುಕಿನಲ್ಲಿ ಅದೊಂದೇ.

ಒಂದೊಂದೇ ಬಾಗಿಲಿನಲ್ಲಿ ಆರತಿ ಬೆಳಗಿತು. “ಬಂತು, ಬಂತು, ನಮ್ದು ಬಂತು!” ಬೋರಯ್ಯ ಮುದುಕನಾದರೂ ಕುಣಿದ. ಜವರಮ್ಮ ಗುಡಾಣಕ್ಕೆ ಕೆನ್ನೆ ಒತ್ತಿ ಅತ್ತಳು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಧೂಳು ಇಳಿಯಿತು. ನೀಲಾಂಬೆಯ ತಟ್ಟೆಯಲ್ಲಿ ಕರ್ಪೂರ ಉರಿದು ಉರಿದು ಆರಿತು. ನಲವತ್ತು ಮನೆಗಳ ಜನ ನಲವತ್ತು ಗುಡಾಣಗಳ ಸಂದಿನಿಂದ ಇಣುಕಿ ನಮ್ಮ ಖಾಲಿ ಅಂಗಳವನ್ನು ನೋಡಿದರು.

“ಚೆಲುವಣ್ಣಾ,” ಜವರಮ್ಮನ ದನಿ ಸಣ್ಣಗೆ ಬಂತು, “ನಿಮ್ದು ಎಲ್ಲಿ?”

ನಾನು ನೀಲಾಂಬೆಯ ತಟ್ಟೆಗೆ ಇನ್ನೊಂದು ಬಿಲ್ಲೆ ಕರ್ಪೂರ ಹಾಕಿ ಕಡ್ಡಿ ಗೀರಿದೆ.

ಆ ಹೊತ್ತಿಗೆ ವೈಜಯಂತಿ ಎದ್ದು, ಮೀಟರು ಹಿಡಿದು ಬೋರಯ್ಯನ ಗುಡಾಣಕ್ಕೆ ತಾಗಿಸಿದಳು. ಮೀಟರು ಸುಮ್ಮನಿತ್ತು. ಕುಲುಕಿದಳು. ಪಕ್ಕದ್ದಕ್ಕೆ ಹಿಡಿದಳು. ಸುಮ್ಮನೆ. ಅದರ ಪಕ್ಕದ್ದು, ಎದುರು ಸಾಲಿನದ್ದು, ಮೂಲೆಮನೆಯದ್ದು. ಹನ್ನೊಂದು ನೋಡಿದ ಮೇಲೆ ಆಕೆಯ ಮುಖ ಸುಣ್ಣದಂತಾಯಿತು. “ಇವುಗಳಲ್ಲಿ ಏನೂ ಇಲ್ಲ” ಎಂದಳು. “ನಡೆದು ಬಂದದ್ದರಲ್ಲಿ ಇಲ್ಲಿ ತನಕ ನೋಡಿದ್ದು ಯಾವುದರಲ್ಲೂ ಏನೂ ಇಲ್ಲ. ಆ ಕೊನೇದು ಎಲ್ಲಿದೆ?”

ನನ್ನ ಕಂಡಿಗಳಲ್ಲಿದ್ದ ಚಾಪೆ, ಕಂಬಳಿ ನೆನಪಾದವು. ಆಕೆ ಎಲ್ಲ ನಲವತ್ತನ್ನೂ ನೋಡಿ ಮುಗಿಸುವ ಮೊದಲೇ ನಾನು ಹಿತ್ತಲು ಹಾರಿ ಬಯಲಿಗೆ ಓಡಿದೆ. ಕುದುರೆಯೂ ಹಾಗೆ ಓಡಿರಲಾರದು. ಬೆರ್ಚಪ್ಪನನ್ನು ಕಿತ್ತು ಬೋರೆಯ ಹಿಂದೆ ಎಸೆದೆ. ಚಾಪೆ ಎಳೆದೆ, ಕಂಬಳಿ ಎಳೆದೆ. ಕಡಲೆಕಾಯಿ ಚೀಲ ಎಳೆಯುವಾಗ ಕೈ ಚುರುಗುಟ್ಟಿತು. ಒಳತುದಿಯ ಕಡಲೆಕಾಯಿ ಕರಿಕಲಾಗಿತ್ತು. ಮುಂಗುಸಿ ಮರಿಗಳೊಂದಿಗೆ ಹೊರಬಿದ್ದು ನನ್ನನ್ನೇ ಗದರಿಸಿ ಓಡಿತು. ನಾಲ್ಕು ಕಂಡಿಗಳೂ ಬಿಟ್ಟುಕೊಂಡ ಕೂಡಲೇ ಗಾಳಿ ಸುಯ್ಯೆಂದು ಒಳಗೆ ಹೋಯಿತು. ನೀರಲ್ಲಿ ಮುಳುಗಿದ್ದವನು ತಲೆ ಎತ್ತಿ ಎಳೆದುಕೊಳ್ಳುವ ಉಸಿರು ಕೇಳಿದ್ದೀರಾ? ಅದೇ ಸದ್ದು.

ಜನ ಬಂದರು. ಮುಂದೆ ವೈಜಯಂತಿ. ಇನ್ನೂ ಹತ್ತು ಮಾರು ದೂರವಿರುವಾಗಲೇ ಮೀಟರು ಒಂದೊಂದೇ ಕಡಲೆ ಸಿಡಿದ ಹಾಗೆ ಚಟ್ ಎಂದಿತು, ಹತ್ತಿರ ಬಂದಂತೆ ಬಾಣಲೆ ತುಂಬ ಸಿಡಿಯಿತು. “ಇದು ತುಂಬಿದೆ” ಎಂದಳು. ಕಚೇರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಯಾರೋ ಬಹಳ ಹೊತ್ತು ಕಾಗದ ಮಗುಚಿದರು. ಕೊನೆಗೆ ತಿಳಿದದ್ದು ಇಷ್ಟು. ಗುಡಾಣಗಳನ್ನು ಮೊದಲೇ ತಂದು ನಿಲ್ಲಿಸಿದ್ದರು. ಪರೀಕ್ಷೆಗೆಂದು ಒಂದನ್ನು ಮಾತ್ರ ತುಂಬಿದರು. ಉಳಿದ ಕಡ್ಡಿಗಳು ಇಂದಿಗೂ ಸ್ಥಾವರದ ನೀರಿನ ಕೊಳದಲ್ಲೇ ಇವೆ. ಯಾವನೋ ಗುಮಾಸ್ತ ಪಟ್ಟಿಯಲ್ಲಿ ತುಂಬಿದ್ದರ ತಲೆಬರಹವನ್ನು ಖಾಲಿಯ ಲೆಕ್ಕದ ಮೇಲೆ, ಖಾಲಿಯದರ ತಲೆಬರಹವನ್ನು ತುಂಬಿದ್ದರ ಲೆಕ್ಕದ ಮೇಲೆ ಬರೆದುಬಿಟ್ಟಿದ್ದ.

ಬೋರಯ್ಯ ಅಲ್ಲೇ ನೆಲಕ್ಕೆ ಕುಸಿದ. “ಹಂಗಾದ್ರೆ ಮೂವತ್ತು ವರ್ಷ ನಾನು ಕಾದದ್ದು ಏನನ್ನ?” ಅವನ ಮುಖ ನೋಡಲಾಗಲಿಲ್ಲ. ಜವರಮ್ಮ ಮಾತ್ರ ಸೊಂಟಕ್ಕೆ ಕೈ ಕೊಟ್ಟು, “ಖಾಲಿ ಅಂದ್ರೇನು ಮೇಡಂ? ಮಗ ಬರಿಗೈಯಲ್ಲಿ ಬಂದ್ರೆ ಬಾಗಿಲು ಹಾಕ್ತೀವಾ? ನಮ್ದು ಧಾರೆಗೇ ಬಂದಿತ್ತು” ಎಂದಳು.

ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿತು. ಊರಿಗೆಲ್ಲ ಕೆಂಡ ಕಾಯ್ದವನು ನಾನೊಬ್ಬನೇ! “ಅದಕ್ಕೇ ಅವನು ಅಷ್ಟೊಂದು ಕೊಚ್ಕೋತಿದ್ದ, ಕೊಚ್ಕೊಳ್ಳೋ ಹಂಗೇ ಇತ್ತು” ಎಂದರು. ಯಾರೋ ಹೆಗಲ ಮೇಲಿನ ಟವಲನ್ನೇ ಹಾರ ಮಾಡಿ ನನ್ನ ಕೊರಳಿಗೆ ಹಾಕಿದರು. ಇಪ್ಪತ್ತೆರಡು ವರ್ಷ ನಾನು ಬಾಯಲ್ಲಿ ಕಟ್ಟಿದ ದೊಡ್ಡಸ್ತಿಕೆಗಿಂತ ನೂರು ಪಾಲು ದೊಡ್ಡದು ಪುಕ್ಕಟೆಯಾಗಿ ಬಂದು ಕುತ್ತಿಗೆಗೆ ಬಿದ್ದಿತ್ತು.

ವೈಜಯಂತಿ ಏಣಿ ಹತ್ತಿ ಮೇಲಿನ ಕಂಡಿಯ ಬಿಸಿ ನೋಡಿ ಇಳಿದಳು. ಹಣೆ ಗಂಟಿಕ್ಕಿತ್ತು. ನನ್ನ ಪುಸ್ತಕ ತಿರುವಿದಳು. “ಚೆಲುವಯ್ಯನವರೇ, ಒಂದು ಮಾತು ಸರಿಯಾಗಿ ಹೇಳಿ. ಇದರ ಬಿಸಿ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ. ನಿಮ್ಮ ಪುಸ್ತಕ ನೋಡಿದ್ರೆ ಮೊದಲಿಂದಲೂ ಹಾಗೇ ಇದೆ. ಮೊದಲಿಂದಲೂ ಹಾಗೇ ಇದ್ರೆ ಹೆದರಬೇಕಿಲ್ಲ, ಅದರ ಸ್ವಭಾವ ಅಂತ ಬರೆದು ಹೋಗ್ತೀನಿ. ಹಾಗಲ್ಲ, ಕಂಡಿ ಮುಚ್ಚಿ ಹೀಗಾಗಿದ್ರೆ ಒಳಗಿನ ಡಬ್ಬಿ ಏನಾಗಿದೆಯೋ ನೋಡಬೇಕಾಗುತ್ತೆ. ಕಂಡಿಗಳು ಯಾವತ್ತಾದ್ರೂ ಮುಚ್ಚಿದ್ವಾ? ನೀವು ಎಷ್ಟು ದಿನ ಇದನ್ನ ಬಿಟ್ಟು ಹೋಗಿದ್ರಿ?”

ಒಂದು ದಿನವೂ ಇಲ್ಲ ಎಂದರೆ ಮುಗಿಯಿತು. ಮನೆ ಉಳಿಯುತ್ತದೆ, ಹಾರ ಉಳಿಯುತ್ತದೆ. ಆಕೆ ಬರೆದು ಜೀಪು ಹತ್ತುತ್ತಾಳೆ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಆದರೆ ಆ ಸುಯ್ಯೆಂಬ ಉಸಿರು ಇನ್ನೂ ನನ್ನ ಕಿವಿಯಲ್ಲಿತ್ತು.

“ಎಂಟು ಸಾವಿರ ದಿನದಲ್ಲಿ ಇನ್ನೂರು ದಿನ ಕೂತಿರಬಹುದು” ಎಂದೆ. “ಉಳಿದ ದಿನ ಇರಲಿಲ್ಲ. ನಾಲ್ಕು ಕಂಡಿಯೂ ಮುಚ್ಚಿತ್ತು. ನಾನೇ ಮುಚ್ಚಿದ್ದೆ. ಪುಸ್ತಕದಲ್ಲಿರೋದು ಬಾಯಿಗೆ ಬಂದ ಲೆಕ್ಕ.”

ಬಯಲೆಲ್ಲ ಹೊಟ್ಟೆ ಹಿಡಿದು ನಕ್ಕಿತು. “ಶುರುವಾಯ್ತು ನೋಡಿ ಮೇಡಂ!” ಎಂದ ಬೋರಯ್ಯ, ಅಳುತ್ತಿದ್ದವನು ಅಳುವುದನ್ನು ಬಿಟ್ಟು. “ಒಂದು ದಿನ ಬಿಟ್ಟಿದ್ರೆ ಎಂಟು ಸಾವಿರ ಅಂತಾನೆ! ಇವನ ಬಾಯಲ್ಲಿ ಇಲಿ ಹೊಕ್ಕರೆ ಆನೆಯಾಗಿ ಹೊರಗೆ ಬರ್ತದೆ.” ವೈಜಯಂತಿಯೂ ಮುಗುಳ್ನಕ್ಕು ಪೆನ್ನಿನ ಮುಚ್ಚಳ ಹಾಕಲು ಹೊರಟಳು. “ಇಲ್ಲ, ನಿಜ” ಎಂದೆ. ಇನ್ನೂ ಜೋರಾಗಿ ನಕ್ಕರು. “ನನ್ನಾಣೆಗೂ ನಿಜ” ಎಂದೆ. ಜವರಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಹೇಳಿದ ಸುಳ್ಳನ್ನೆಲ್ಲ ಊಟದ ಹಾಗೆ ಉಂಡ ಜನ ಒಂದು ನಿಜವನ್ನು ಬಾಯಿಗಿಡಲೂ ಒಪ್ಪಲಿಲ್ಲ. ಅಂಥ ದಿಗಿಲು ನನಗೆ ಗುಡಾಣಗಳು ನಡೆದು ಬಂದಾಗಲೂ ಆಗಿರಲಿಲ್ಲ.

ಆಗ ನೀಲಾಂಬೆ ಗುಂಪನ್ನು ಸೀಳಿಕೊಂಡು ಬಂದಳು. “ಅವರು ಹೇಳ್ತಿರೋದು ನಿಜ” ಎಂದಳು. ದನಿ ಏರಿಸಲಿಲ್ಲ. “ನಮ್ಮ ಗುಡಾಣ ನಮ್ಮನೇಗೆ ಒಂದು ದಿನಕ್ಕೂ ಬರಲಿಲ್ಲ. ಅಂಗಳದ ಗುರುತು ನಾನು ಮಾಡಿದ್ದು. ಮಧ್ಯದಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ತುದಿಗೆ ಗುದ್ದಲಿ ಕಟ್ಕೊಂಡು ಸುತ್ತ ಗೀರ್ತಿದ್ದೆ. ಬನ್ನಿ, ಗೂಟದ ತೂತು ತೋರಿಸ್ತೀನಿ.”

ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಜವರಮ್ಮನ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಇಷ್ಟು ವರ್ಷ ನಲ್ಲಿಯ ಹತ್ತಿರ ತಲೆ ಎತ್ತಿ ನಿಲ್ಲುತ್ತಿದ್ದ ನನ್ನ ಹೆಂಡತಿ ಎಲ್ಲರೆದುರು ತಲೆ ತಗ್ಗಿಸಲೂ ಇಲ್ಲ. ನನ್ನ ಕೊರಳಿನ ಟವಲನ್ನು ಅದರ ಒಡೆಯ ಮೆಲ್ಲಗೆ ಎಳೆದುಕೊಂಡ.

ವೈಜಯಂತಿ ಪೆನ್ನು ಮತ್ತೆ ಬಿಚ್ಚಿದಳು. ಬಹಳ ಹೊತ್ತು ಬರೆದಳು. “ಮೂವತ್ತು ದಿನ ಹಗಲು ಹೊತ್ತು ಪ್ರತಿ ಗಂಟೆಗೂ ಇದರ ಬಿಸಿ ನೋಡಿ ಬರೀಬೇಕು. ಇಳಿದ್ರೆ ಸರಿ. ಏರಿದ್ರೆ ಊರು ಖಾಲಿ ಮಾಡಿಸಬೇಕಾಗುತ್ತೆ. ಒಂದು ಅಂಕಿ ತಪ್ಪಿದ್ರೂ ನನಗೆ ಮೋಸ ಆಗುತ್ತೆ. ಕಾಯೋ ಕೆಲಸದಿಂದ ಇವರನ್ನ ತೆಗೀಬೇಕು, ಅದು ನಿಯಮ. ಇದನ್ನ ಯಾರು ವಹಿಸ್ಕೋತೀರಿ?”

ನಲವತ್ತು ಜನ ಪಳಗಿದ ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನಿಗೆ ಮನೆಯಲ್ಲಿ ಹಾಲು ಉಕ್ಕುವ ಹೊತ್ತಾಗಿತ್ತು. ಇನ್ನೊಬ್ಬನಿಗೆ ಮಂಡಿನೋವು. ಬೋರಯ್ಯ, “ನಮ್ದು ಬಾಗಿಲಲ್ಲಿ ನಿಂತಿದೆ ಮೇಡಂ, ಪಾಪ, ಒಂಟಿ” ಎಂದು ಎದ್ದು ನಡೆದ. ಹಿಂದೆ ಜವರಮ್ಮ. ಕಣ್ಣು ಮುಚ್ಚಿ ಬಿಡುವುದರೊಳಗೆ ಬಯಲು ಬರಿದಾಯಿತು. ಏನೂ ಇಲ್ಲದ್ದನ್ನು ಮೂವತ್ತು ವರ್ಷ ಬಿಟ್ಟು ಕದಲದ ಜನ, ಏನೋ ಇದ್ದದ್ದರ ಮುಂದೆ ಮೂರು ನಿಮಿಷ ನಿಲ್ಲಲಿಲ್ಲ. ಬಯ್ಯುವುದಕ್ಕೆ ನನಗೆ ಬಾಯಿ ಎಲ್ಲಿತ್ತು?

ವೈಜಯಂತಿ ನಮ್ಮಿಬ್ಬರನ್ನೂ ನೋಡಿ, ತಾನು ಬರೆದದ್ದರಲ್ಲಿ ಒಂದು ಸಾಲು ಹೊಡೆದುಹಾಕಿದಳು. “ಮೂವತ್ತು ದಿನ. ಆ ನಲವತ್ತು ಮನೆಗಳ ವಿಷಯವನ್ನೂ ಆಮೇಲೆ ನೋಡೋಣ” ಎಂದು ಹೊಸ ಪುಸ್ತಕವನ್ನು ನೀಲಾಂಬೆಯ ಕೈಗೆ ಕೊಟ್ಟಳು. ನನ್ನ ಕೈಗಲ್ಲ. ಜೀಪು ಹೊರಟಿತು.

ನೀಲಾಂಬೆ ಗುಡಾಣದ ಹತ್ತಿರ ಹೋದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅದನ್ನು ಕಂಡದ್ದು ಅದೇ ಮೊದಲು. ಅಂಗೈ ಇಟ್ಟಳು, ಬಿಸಿಗೆ ಹಿಂದೆಗೆದು ಮತ್ತೆ ಇಟ್ಟಳು. “ಇಷ್ಟು ಹೊತ್ಕೊಂಡು ಹೆಂಗೆ ಬರ್ತಿದ್ದೆ ತಾಯಿ ನೀನು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಗಂಟೆ ಆಯ್ತು. ಹತ್ತಿ” ಎಂದಳು.

ಏಣಿ ಹತ್ತಿದೆ. ಮುಖಕ್ಕೆ ಬಿಸಿಗಾಳಿ ಹೊಡೆಯಿತು. ಅಲ್ಲಿದ್ದ ಮಾಪಕದಲ್ಲಿ ಮುಳ್ಳು ನಿಂತ ಜಾಗ ನೋಡಿದೆ. ಎರಡು ಸಲ ನೋಡಿದೆ. ಇಳಿಯುವ ಒಂದೊಂದು ಮೆಟ್ಟಿಲಿಗೂ ಆ ಅಂಕಿ ನನ್ನ ಬಾಯೊಳಗೆ ಉಬ್ಬುತ್ತಾ ಬಂತು. ತೊಂಬತ್ತು ಎನ್ನು, ನೂರಹತ್ತು ಎನ್ನು ಎಂದು ನಾಲಿಗೆ ತುರಿಸುತ್ತಿತ್ತು. ನೆಲ ಮುಟ್ಟಿದೆ.

“ಎಷ್ಟು?” ಎಂದಳು ನೀಲಾಂಬೆ, ಪೆನ್ಸಿಲ್ ಹಿಡಿದು.

“ಎಪ್ಪತ್ತೆರಡು.”

ಅವಳು ಪುಸ್ತಕ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಏಣಿ ಹತ್ತಿದಳು. ಮೇಲೆ ಬಹಳ ಹೊತ್ತು ನಿಂತಳು. ನಾನು ಕೆಳಗೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳ ಪಾದಗಳನ್ನೇ ನೋಡುತ್ತಿದ್ದೆ. ಇಳಿದು ಬಂದಳು. ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಎಪ್ಪತ್ತೆರಡು ಎಂದು ಬರೆದಳು.